ಜಯಮ್ಮನ ಬದನೆ, ನನ್ನ ಬಾಯಿ

ಭಾನುವಾರ ಬೆಳಿಗ್ಗೆ ಎಂಟರ ಹೊತ್ತಿಗೆ ನಾನು ಗೇಟಿನ ಬಳಿ ಪೇಪರ್ ಹಿಡಿದು ನಿಂತಿರುತ್ತೇನೆ. ಲೋಕದ ಆಗುಹೋಗುಗಳ ಬಗ್ಗೆ ಚಿಂತಿಸುವ ಮನುಷ್ಯ ಎಂದು ಬೀದಿಯವರು ತಿಳಿದುಕೊಂಡಿದ್ದರೆ ಅದು ಅವರ ದೊಡ್ಡತನ. ನಾನು ಕಾಯುತ್ತಿರುವುದು ತರಕಾರಿಗೆ.

ಹನಗೋಡಿನ ಜಯಮ್ಮ ಮತ್ತು ಅವರ ಗಂಡ ಹೊಗೆಸೊಪ್ಪು ಬೆಳೆಯುತ್ತಿದ್ದವರು. ಎರಡು ವರ್ಷದಿಂದ ಒಂದು ಎಕರೆಯಲ್ಲಿ ಅದನ್ನು ಬಿಟ್ಟು ತರಕಾರಿ ಹಾಕಿದ್ದಾರೆ. ವಾರಕ್ಕೊಮ್ಮೆ ಹುಣಸೂರಿನ ಹದಿನಾಲ್ಕು ಮನೆಗಳಿಗೆ ರಟ್ಟಿನ ಬಾಕ್ಸಿನಲ್ಲಿ ತಂದುಕೊಡುತ್ತಾರೆ. ಇಂಥದ್ದೇ ಬೇಕೆಂದು ಕೇಳುವಂತಿಲ್ಲ. ಹೊಲ ಕೊಟ್ಟದ್ದೇ ಬಾಕ್ಸಿಗೆ. ಹಾಗಾಗಿ ಮುಚ್ಚಳ ತೆಗೆಯುವಾಗ ಈ ವಯಸ್ಸಿನಲ್ಲೂ ನನ್ನ ಎದೆ ಸ್ವಲ್ಪ ಹೊಡೆದುಕೊಳ್ಳುತ್ತದೆ. ತುದಿಯ ಹೂ ಇನ್ನೂ ಬಾಡದ ಎಳೆ ಹೀರೇಕಾಯಿ, ಬೇರಿಗೆ ಹಸಿ ಮಣ್ಣು ಅಂಟಿದ ಕೊತ್ತಂಬರಿ, ಮುರಿದರೆ ಟಕ್ಕೆನ್ನುವ ಬೆಂಡೆಕಾಯಿ. ಒಮ್ಮೆ ಸತತ ಮೂರು ವಾರ ಮೂಲಂಗಿಯೇ ಬಂತು. ಸಾರು, ಪಲ್ಯ, ರೊಟ್ಟಿ ಎಲ್ಲದರಲ್ಲೂ ಅದನ್ನೇ ತಿಂದು ಗೊಣಗಿದೆ. ನಾಲ್ಕನೇ ವಾರ ಯಾಕೆ ಬರಲಿಲ್ಲ ಎಂದು ವಿಚಾರಿಸಿದವನೂ ನಾನೇ.

ನನ್ನ ಹಿತ್ತಲಲ್ಲೂ ಒಂದು ತೋಟವಿದೆ. ಅದನ್ನು ತೋಟ ಎಂದು ಕರೆಯುವವನು ನಾನೊಬ್ಬನೇ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಮೇಷ್ಟ್ರು. ಹೂವಿನ ಭಾಗಗಳನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯಬಲ್ಲೆ. ಆದರೆ ನನ್ನ ನಾಲ್ಕು ಬದನೆ ಗಿಡಗಳ ಹೂಗಳು, ಎಲ್ಲ ಭಾಗಗಳನ್ನೂ ಸರಿಯಾಗಿಯೇ ಇಟ್ಟುಕೊಂಡು, ಒಂದೊಂದಾಗಿ ನೆಲಕ್ಕೆ ಉದುರುತ್ತಿದ್ದವು. ಬದನೆ, ಟೊಮೆಟೊ, ಆಲೂಗಡ್ಡೆ, ಹೊಗೆಸೊಪ್ಪು ಎಲ್ಲವೂ ಒಂದೇ ಕುಟುಂಬದ ಸಸ್ಯಗಳು ಎಂದು ಪ್ರತಿ ವರ್ಷ ಪಾಠ ಮಾಡುತ್ತೇನೆ. ಜಯಮ್ಮನ ಹೊಲದಲ್ಲಿ ಒಬ್ಬ ದಾಯಾದಿಯನ್ನು ಎಬ್ಬಿಸಿ ಇನ್ನೊಬ್ಬನನ್ನು ಕೂರಿಸಿದ್ದಾರೆ, ಅಷ್ಟೆ. ನನ್ನ ಹಿತ್ತಲಲ್ಲಿ ಆ ಮನೆತನದ ಯಾರೂ ಕೂರಲು ಒಪ್ಪುತ್ತಿರಲಿಲ್ಲ.

ಈಗ ಅಸಲು ವಿಷಯ. ಜಯಮ್ಮನ ಗುಂಡು ಬದನೆಯಲ್ಲಿ ನನ್ನ ಹೆಂಡತಿ ಸುಧಾ ಎಣ್ಣೆಗಾಯಿ ಮಾಡಿ, ರೊಟ್ಟಿಯ ಜೊತೆ ಡಬ್ಬಿಗೆ ಹಾಕಿಕೊಟ್ಟಿದ್ದಳು. ಸ್ಟಾಫ್ ರೂಮಿನಲ್ಲಿ ಗಣಿತದ ಮಾದಪ್ಪ ಮೇಷ್ಟ್ರು ಒಂದು ತುಂಡು ಬಾಯಿಗಿಟ್ಟುಕೊಂಡು, “ಎಲ್ಲೀದು ಕಣ್ರೀ ಈ ಬದ್ನೆಕಾಯಿ? ಬೆಣ್ಣೆ ಇದ್ದಂಗದೆ!” ಎಂದರು.

“ನಮ್ಮ ಹಿತ್ತಲದ್ದು” ಎಂದೆ.

ಹೇಳಬೇಕೆಂದು ಹೇಳಿದ್ದಲ್ಲ, ಬಾಯಿ ತಾನಾಗಿ ಹೇಳಿಬಿಟ್ಟಿತು. ಆದರೆ ಆಮೇಲೆ ಮೂರು ತಿಂಗಳು ಆ ಸುಳ್ಳಿಗೆ ನೀರೆರೆದವನು ನಾನೇ. ಗೊಬ್ಬರ ಯಾವುದು, ಹುಳಕ್ಕೆ ಏನು ಮಾಡುತ್ತೀರಿ ಎಂದು ಕೇಳಿದವರಿಗೆಲ್ಲ ಸಲಹೆ ಕೊಟ್ಟೆ. ಒಮ್ಮೆ ಮಾದಪ್ಪನವರಿಗೆ ನಾಲ್ಕು ಕಾಯಿಗಳನ್ನು ಪೇಪರಿನಲ್ಲಿ ಸುತ್ತಿ, ಸಾಕಿದ ಮಗಳನ್ನು ಗಂಡನ ಮನೆಗೆ ಕಳಿಸುವವನ ಮುಖ ಮಾಡಿಕೊಂಡು ಕೊಟ್ಟೆ.

ಒಂದು ಭಾನುವಾರ ಜಯಮ್ಮ ಬಾಕ್ಸ್ ಇಳಿಸಿದ ಮೇಲೆ ಹೊರಡದೆ ಜಗಲಿಯ ಮೇಲೆ ಕೂತರು. ಸುಧಾ ಕಾಫಿ ತಂದುಕೊಟ್ಟಳು.

“ಬದ್ನೆಕಾಯಿ ಗಿಡ್ದಲ್ಲೇ ಬಲ್ತು ಓಯ್ತಾ ಅವೆ ಅಕ್ಕಾ. ದನಕ್ಕಾಕ್ತಾ ಇವ್ನಿ. ಅದ್ನಾಕು ಮನೆಯೋರು ಎಷ್ಟೂಂತ ತಿಂದಾರು? ಇಂಗೇ ಆದ್ರೆ ಬರೋ ವರ್ಸ ಒಗೆಸೊಪ್ಪೇ ಆಕನ ಬುಡು ಅಂತವ್ರೆ ನಮ್ಮನೆಯವ್ರು” ಎಂದು ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ನಿಮ್ ಇಸ್ಕೂಲಲ್ಲಿ ಯಾರೂ ಕೇಳ್ನಿಲ್ವಾ, ಎಲ್ಲಿಂದ ತತ್ತೀರಿ ಅಂತ?”

ಕೇಳಿದ್ದರು. ಸ್ಟಾಫ್ ರೂಮಿನಲ್ಲಿ ಕೇಳದವರೇ ಇರಲಿಲ್ಲ. “ವಿಚಾರಿಸ್ತೀನಿ ಜಯಮ್ಮ” ಎಂದಷ್ಟೇ ಹೇಳಿ ಒಳಗೆ ಹೋದೆ. ಸಣ್ಣ ಜಂಬ, ಯಾರಿಗೇನು ನಷ್ಟ ಎಂದುಕೊಂಡಿದ್ದೆ. ಅದು ಹನಗೋಡಿನವರೆಗೆ ಹೋಗಿ ದನದ ಮುಂದೆ ಬಿದ್ದಿತ್ತು. ಆ ದಿನದ ಊಟ ರುಚಿಸಲಿಲ್ಲ.

ಸೋಮವಾರ ಮಧ್ಯಾಹ್ನ ಯಾರೂ ಡಬ್ಬಿ ತೆರೆಯುವ ಮೊದಲೇ ಎದ್ದು ನಿಂತೆ. “ಇಷ್ಟು ದಿನ ನಾನು ತಿನ್ನಿಸಿದ ಬದನೆಕಾಯಿ ನಮ್ಮ ಹಿತ್ತಲದ್ದಲ್ಲ. ಹನಗೋಡಿನ ಜಯಮ್ಮ ಅನ್ನೋರು ಬೆಳೆದದ್ದು. ನಾನು ಸುಳ್ಳು ಹೇಳಿದ್ದೆ” ಎಂದೆ. ಮಾದಪ್ಪನವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಅಲ್ಲಾ ಕಣ್ರೀ, ಆ ಮೇಷ್ಟ್ರನ್ನ ನೋಡಿ ಕಲ್ತ್ಕೊಳಿ ಅಂತ ನಮ್ಮನೆಯವ್ಳು ನನ್ ಕೈಲಿ ಗುದ್ಲಿ ಇಡಿಸವ್ಳೆ! ಮೂರ್ ತಿಂಗ್ಳಿಂದ ಸೊಂಟ ನೋವು ಕಣ್ರೀ ನಂಗೆ!”

“ಕ್ಷಮಿಸಿ ಮೇಷ್ಟ್ರೇ.”

“ಅದು ಆಮೇಲೆ. ಆಯಮ್ಮನ ಫೋನ್ ನಂಬರ್ ಕೊಡಿ ಮೊದ್ಲು.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಕೊಂಚ ತಡವಾಗಿ. ತಿಂಗಳು ಮುಗಿಯುವುದರೊಳಗೆ ನಮ್ಮ ಸ್ಕೂಲಿನವರ ಎಂಟು ಮನೆಗಳಿಗೆ ಬಾಕ್ಸ್ ಹೋಗತೊಡಗಿತು. ಹೊಗೆಸೊಪ್ಪಿನ ಮಾತು ಸದ್ಯಕ್ಕೆ ನಿಂತಿದೆ ಎಂದು ಜಯಮ್ಮ ಹೇಳಿದ ದಿನ, ಅವರ ಮುಂದೆಯೂ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

“ಓಗ್ಲಿ ಬುಡಿ ಮೇಷ್ಟ್ರೇ. ನಮ್ ಬದ್ನೆಕಾಯಿ ನಿಮ್ ಎಸ್ರಲ್ಲಿ ಒಸಿ ದಿನ ಇಸ್ಕೂಲಿಗೆ ಓಗ್ ಬಂತು. ಎಲ್ಲಿ, ನಿಮ್ ಗಿಡ ತೋರ್ಸಿ.”

ಹಿತ್ತಲಲ್ಲಿ ಮಣ್ಣು ಮುಟ್ಟಿ ನೋಡಿ, “ಎಷ್ಟ್ ಸತಿ ನೀರ್ ಉಯ್ತೀರಿ?” ಎಂದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಂದೆ. ಗೊಬ್ಬರ ವಾರಕ್ಕೊಂದು ಸಲ ಎಂದು ಹೆಮ್ಮೆಯಿಂದಲೇ ಸೇರಿಸಿದೆ.

“ಅಯ್ಯೋ, ಅದ್ಕೇ ಬರೀ ಸೊಪ್ಪಾಗದೆ! ಇಷ್ಟ್ ಮುದ್ದು ಮಾಡುದ್ರೆ ಅದ್ಯಾಕೆ ಕಾಯ್ ಬುಟ್ಟದು? ಒಸಿ ಅದ್ರ ಪಾಡಿಗೆ ಬುಡಿ.”

ಬಿಟ್ಟೆ. ಅದು ಸುಲಭದ ಕೆಲಸವಾಗಿರಲಿಲ್ಲ. ಕೈಯಲ್ಲಿ ಪೈಪ್ ಇಲ್ಲದೆ ಹಿತ್ತಲಲ್ಲಿ ನಿಲ್ಲುವುದು ಹೇಗೆಂದೇ ನನಗೆ ಗೊತ್ತಿರಲಿಲ್ಲ. ಐದನೇ ವಾರ ಎರಡು ಗಿಡಗಳಲ್ಲಿ ಒಟ್ಟು ಐದು ಕಾಯಿ ಕಚ್ಚಿದವು. ಒಂದಕ್ಕೆ ಹುಳ ಬಿತ್ತು. ಉಳಿದ ನಾಲ್ಕನ್ನು ಕಿತ್ತು ತೊಳೆದು ಸುಧಾಳ ಕೈಗೆ ಕೊಟ್ಟು, ಊಟಕ್ಕೆ ಕರೆಯುವವರೆಗೂ ಅಡುಗೆಮನೆಯ ಬಾಗಿಲಲ್ಲೇ ಸುಳಿದಾಡಿದೆ. ಕೆ.ಆರ್. ನಗರದ ನಾಲೆಯ ಬಯಲಿನಲ್ಲಿ ಹುಟ್ಟಿ ಬೆಳೆದವಳು ಅವಳು. ನಾಲ್ಕು ಬದನೆಕಾಯಿ ಅವಳ ಕಣ್ಣಿಗೆ ಬೆಳೆಯೇ ಅಲ್ಲ. ಬಾಕ್ಸಿನಲ್ಲಿ ಬಂದಿದ್ದ ಆರರ ಜೊತೆ ಸೇರಿಸಿ ಒಂದೇ ಬಾಣಲೆಯಲ್ಲಿ ಎಣ್ಣೆಗಾಯಿ ಮಾಡಿಬಿಟ್ಟಿದ್ದಳು.

“ಇದರಲ್ಲಿ ನಮ್ಮದು ಯಾವುದು?” ಎಂದು ಕೇಳಿದೆ.

“ತಟ್ಟೇಲಿರೋದೆಲ್ಲ ನಮ್ದೇ, ತಿನ್ನಿ” ಎಂದಳು.

ಎರಡು ತಿಂದೆ. ಎರಡೂ ಚೆನ್ನಾಗಿದ್ದವು. ಯಾವುದು ಯಾವ ಮಣ್ಣಿನದೆಂದು ಗೊತ್ತಾಗಲಿಲ್ಲ. ಮೂರನೆಯದಕ್ಕೆ ತಟ್ಟೆ ಮುಂದೆ ಸರಿಸಿದಾಗ, ಗೊತ್ತಾಗಬೇಕೆಂಬ ಆಸೆಯೂ ಉಳಿದಿರಲಿಲ್ಲ.