ಆಸ್ಪರಾಗಸ್ಸಿನ ಎಡೆ

ಕವಿತಾಳದಲ್ಲಿ ದೇವದುರ್ಗದ ಬಸ್ಸಿಗೆ ಕಾಯುತ್ತ ಒಂದು ಖಾನಾವಳಿಯಲ್ಲಿ ಕೂತಿದ್ದೆ. ಅಕ್ಕನಿಗೆಂದು ಹೈದರಾಬಾದಿನಿಂದ ತಂದಿದ್ದ ಆಸ್ಪರಾಗಸ್ ಎಂಬ ತರಕಾರಿಯ ಕಟ್ಟು ಬಿಸಿಲಿಗೆ ಬಾಡಿ, ಹಸಿರು ಕಡ್ಡಿಗಳ ತುದಿ ಬಾಗಿತ್ತು. ಅವಳ ಮನೆ ಮುಟ್ಟುವಷ್ಟರಲ್ಲಿ ಪೂರ್ತಿ ಕೆಡುವುದು ಖಂಡಿತ. ರೊಟ್ಟಿ ಬಡಿಯುತ್ತಿದ್ದ ಖಾನಾವಳಿಯ ಶರಣಮ್ಮನ ಮುಂದಿಟ್ಟು, ಎಣ್ಣೆ ಉಪ್ಪು ಹಚ್ಚಿ ಸುಟ್ಟು ಕೊಡುತ್ತೀರಾ ಎಂದು ಕೇಳಿದೆ.

“ಉಳ್ಳಾಗಡ್ಡಿ ಹೂವಿನ ಕಡ್ಡಿ ಹಂಗ ಅದಾವಲ್ರಿ,” ಎನ್ನುತ್ತ ಆಕೆ ಅವನ್ನು ರೊಟ್ಟಿಯ ಹಂಚಿನ ಮೇಲೆ ಸಾಲಾಗಿ ಮಲಗಿಸಿದಳು. ಚಟಪಟ ಸದ್ದಾಗಿ ಅಲ್ಲಲ್ಲಿ ಕಪ್ಪು ಕಲೆ ಮೂಡಿದ ಮೇಲೆ ತಟ್ಟೆಗೆ ತೆಗೆದಳು.

ನಾನು ಕೈ ಚಾಚಿದರೆ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

“ತಡೀರಿ. ನಮ್ಮ ಒಲಿಗೆ ಮೊದಲನೇ ಸಲ ಬಂದ ಬೆಳಿ ಇದು. ದೇವರಿಗೆ ಎಡಿ ಹಿಡೀಲಾರದ ಹ್ಯಾಂಗ ತಿನ್ನಾಕ ಬರ್ತದ?”

ಎರಡು ಕಡ್ಡಿಗಳನ್ನು ಬಿಸಿ ರೊಟ್ಟಿಯ ಮೇಲಿಟ್ಟು ಗೋಡೆಯ ಮೇಲಿನ ಶಿವನ ಪಟದ ಮುಂದೆ ಹಿಡಿದಳು. ಹಿಡಿದವಳು ತಿರುಗಿ ಕೇಳಿದಳು: “ಇದನ್ನ ಬೆಳದಾಂವ ಯಾವ ಊರಾಂವ್ರಿ? ಅವನ ಹೊಲಕ್ಕ ಒಳ್ಳೇದಾಗ್ಲಿ ಅಂತ ಬೇಡ್ಕೋಬೇಕು.”

ಎಷ್ಟೋ ವರ್ಷಗಳಿಂದ ಇದನ್ನು ತಿನ್ನುತ್ತ ಬಂದಿದ್ದೇನೆ, ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಪ್ಲಾಸ್ಟಿಕ್ ಹೊದಿಕೆಯನ್ನು ತಿರುಗಿಸಿ ನೋಡಿದೆ. ತೂಕವಿತ್ತು, ಯಾವ ತಾರೀಖಿನೊಳಗೆ ತಿನ್ನಬೇಕೆಂಬುದೂ ಇತ್ತು. ಊರಿರಲಿಲ್ಲ.

“ಗೊತ್ತಿಲ್ಲ,” ಎಂದೆ.

ಆಕೆ ಮತ್ತೆ ಪಟದ ಕಡೆ ತಿರುಗಿದಳು. “ಇರ್ಲಿ ಬಿಡ್ರಿ. ಅಂವಗೂ ಒಂದು ಊರಂತ ಇರ್ತದ,” ಎಂದು ಕಣ್ಣು ಮುಚ್ಚಿದಳು.

ಹೊರಗೆ ನನ್ನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಆಕೆ ಕಣ್ಣು ತೆರೆಯಲೆಂದು ಕಾದೆ.