ಹಾಲಿನ ವ್ಯಾನಿನ ಬಾಕಿ

ಆ ಬೀದಿಯ ಹೊಲಿಗೆಯವಳು ಮೆಷಿನ್ನನ್ನು ಕಿಟಕಿಗೆ ಒತ್ತಿ ಹಾಕಿಕೊಂಡಿದ್ದೇ ಹೋಗಿಬರುವವರನ್ನು ಮಾತಾಡಿಸಲಿಕ್ಕೆ. ಅಂಥವಳು ಗಂಡನ ತಂಗಿಯ ಜೊತೆ ಮಾತ್ರ ವರ್ಷಗಟ್ಟಲೆ ಮಾತು ಬಿಟ್ಟಿದ್ದಳು. ಕಾರಣ ಒಂದು ಕೋಟು. ನಾದಿನಿಗೆ ಅವಳೇ ಹೊಲಿದುಕೊಟ್ಟ ಕೋಟಿನ ಗುಂಡಿ ಮರುವರ್ಷದ ಚಳಿಗೆ ಹಾಕಲು ಬರಲಿಲ್ಲ. ಅತ್ತಿಗೆ ಬಟ್ಟೆ ಕದ್ದು ಹೊಲಿದಿದ್ದಾರೆ ಎಂದಳು ನಾದಿನಿ. "ಕೋಟು ಹಾಗೇ ಇದೆ, ಒಳಗಿರೋಳು ಬೆಳೆದಿದ್ದಾಳೆ" ಎಂದಳು ಅತ್ತಿಗೆ. ಅಲ್ಲಿಗೆ ಸಂಬಂಧ ಸರಿಹೋಯಿತು!

ನಾದಿನಿಯ ಕೆಲಸ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ. ಕೂತವರೆಲ್ಲ ಕಳ್ಳರು ಎಂದುಕೊಂಡೇ ಬಸ್ಸು ಹತ್ತುವವಳು. ಮನೆಗೆ ಬಂದ ಮೇಲೂ ಆ ಕಣ್ಣನ್ನು ಬಿಚ್ಚಿಡುವ ಅಭ್ಯಾಸ ಅವಳಿಗಿರಲಿಲ್ಲ.

ಇಬ್ಬರನ್ನೂ ಒಂದೇ ದಾರಿಗೆ ಹಚ್ಚಿದ್ದು ಹೊಲಿಗೆಯವಳ ಸೊಂಟ. ಕೂತೂ ಕೂತೂ ಅದು ಹಿಡಿದುಕೊಂಡಾಗ ಡಾಕ್ಟರು ನಡೆಯಿರಿ ಎಂದರು. ಊರಾಚೆಯ ಬೆಟ್ಟಸಾಲಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಒಂದು ಕಾಲುದಾರಿಯಿದೆ. ಒಂದೇ ಸಲ ನಡೆಯಲು ತಿಂಗಳುಗಳೇ ಬೇಕು. ಅಷ್ಟು ರಜೆ ಇಲ್ಲದವರು ಕಂತುಕಂತಾಗಿ ನಡೆಯುತ್ತಾರೆ. ಹೋದ ಸಲ ದಾರಿ ತೋರಿಸುವ ಯಾವ ಕಂಬದ ಹತ್ತಿರ ನಿಲ್ಲಿಸಿದ್ದರೋ ಈ ಸಲ ಅದನ್ನೇ ಮುಟ್ಟಿ ಹೊರಡಬೇಕು; ಇಡೀ ದಾರಿಯನ್ನು ನಡೆದೇ ಬಂದವರು ಮಾತ್ರ ಕೊನೆಯ ಕಂಬ ಮುಟ್ಟಬಹುದು. ಹೆಂಡತಿಯನ್ನು ಒಬ್ಬಳನ್ನೇ ಕಳಿಸಲು ಗಂಡನಿಗೆ ಭಯ, ಜೊತೆಗೆ ಹೋಗಲು ಮೈಗಳ್ಳತನ. ತಂಗಿಯ ಕೈಕಾಲು ಹಿಡಿದ.

ಮೊದಲ ಕಂತಿನಲ್ಲಿ ಇಬ್ಬರೂ ಮರಗಳ ಜೊತೆ ಮಾತಾಡಿದರು. "ಯಾರಿಗಾದ್ರೂ ನೀರು ಬೇಕಿದ್ರೆ ಇಲ್ಲಿದೆ" ಎಂದು ಒಬ್ಬಳು ಒಂದು ಮರಕ್ಕೆ ಹೇಳಿದರೆ, "ಯಾರಿಗೂ ಬೇಡ" ಎಂದು ಇನ್ನೊಂದು ಮರದ ಕಡೆಯಿಂದ ಉತ್ತರ ಬರುತ್ತಿತ್ತು.

ಮರುವರ್ಷ ಹಾಲಿನ ವ್ಯಾನಿನ ಪ್ರಕರಣ ನಡೆಯಿತು. ಕಾಲುದಾರಿ ಅಲ್ಲಿ ಟಾರು ರಸ್ತೆಯ ಮಗ್ಗುಲಿಗೇ ಬರುತ್ತದೆ. ಅಂಗಾಲಿನಲ್ಲಿ ಗುಳ್ಳೆ ಎದ್ದು ಹೊಲಿಗೆಯವಳು ಹಿಂದೆ ಬಿದ್ದಳು. "ನಿಧಾನಕ್ಕೆ ಬನ್ನಿ ಅತ್ತಿಗೆ, ವಯಸ್ಸಾಯ್ತಲ್ಲ" ಎಂದು ನಾದಿನಿ ಮುಂದೆ ಹೋದಳು. ಅತ್ತಿಗೆಗೆ ಮೈಯೆಲ್ಲಾ ಉರಿಯಿತು. ರಸ್ತೆಬದಿ ನಿಂತಿದ್ದ ಹಾಲಿನ ವ್ಯಾನಿನವನಿಂದ ಒಂದು ಲೋಟ ಹಾಲು ಇಸಿದುಕೊಂಡು ಗಟಗಟ ಕುಡಿದು, ಎದ್ದೆನೋ ಬಿದ್ದೆನೋ ಎಂದು ಓಡಿದಳು. ನಾದಿನಿ ಮುಂದಿದ್ದ ಸೇತುವೆಯ ಮೇಲೆ ಕೂತು ಶೂ ಬಿಚ್ಚುವಷ್ಟರಲ್ಲಿ ಅತ್ತಿಗೆ ಹಾಜರು, ಮೇಲ್ದುಟಿಯ ಮೇಲೆ ಬಿಳೀ ಮೀಸೆ. ಹಿಂದೆಯೇ ವ್ಯಾನು ಬಂತು, ಡ್ರೈವರು ಕೈ ಬೀಸಿ ಹೋದ.

"ವ್ಯಾನ್ ಹತ್ಕೊಂಡು ಬಂದ್ರಾ?"

"ನಡ್ಕೊಂಡೇ ಬಂದೆ."

"ಟಿಕೆಟ್ ತಗೊಂಡಿದ್ದೆ, ಎಲ್ಲೋ ಬಿದ್ದೋಯ್ತು ಅನ್ನೋರನ್ನ ದಿನಾ ನೋಡ್ತೀನಿ ಅತ್ತಿಗೆ."

ಅಲ್ಲಿಂದ ಶುರುವಾದದ್ದು ಆರು ವರ್ಷ ನಡೆಯಿತು. ನೆಂಟರ ಎದುರು, ಊಟದ ಮೇಜಿನಲ್ಲಿ, ಕಡಿದಾದ ಏರಿನ ನಡುವೆ, ಎಲ್ಲೆಂದರಲ್ಲಿ ನಾದಿನಿ ವ್ಯಾನನ್ನು ಎಳೆದು ತರುವಳು. ಹೊಲಿಗೆಯವಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಒಪ್ಪಲು ಅವಳು ಹತ್ತಿಯೇ ಇರಲಿಲ್ಲವಲ್ಲ! "ಹೋಗ್ಲಿ, ಹತ್ತಿದ್ದೆ ಅಂದ್ಬಿಡು" ಎಂದ ಗಂಡನಿಗೆ ಎರಡು ದಿನ ಉಪ್ಪಿಲ್ಲದ ಸಾರು ಸಿಕ್ಕಿತು. ಈ ಗಲಾಟೆಯಲ್ಲಿ ಕೋಟಿನ ವಿಷಯ ಯಾವಾಗ ಮರೆತುಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. ತಂಗುಮನೆಯಲ್ಲಿ ನಾದಿನಿ ನಿದ್ದೆಯಲ್ಲಿ "ಟಿಕೆಟ್, ಟಿಕೆಟ್" ಎಂದು ಕನವರಿಸಿದರೆ, ಅತ್ತಿಗೆ "ಪಾಸಿದೆ, ಮಲ್ಕೋ" ಎಂದು ಅವಳ ಹೊದಿಕೆ ಸರಿಮಾಡುತ್ತಿದ್ದಳು.

ಕೊನೆಯ ಕಂತೂ ಬಂತು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಕಂಬ ಕಣ್ಣಿಗೆ ಬಿತ್ತು.

"ಮುಗೀತಲ್ಲ ಅತ್ತಿಗೆ" ಎಂದಳು ನಾದಿನಿ. "ಇನ್ನು ಯಾರದ್ದಾದ್ರೂ ಮದುವೇಲಿ ಸಿಗೋಣ."

ಹೊಲಿಗೆಯವಳು ನಡಿಗೆ ನಿಧಾನಿಸಿದಳು. ಮದುವೆಯ ಊಟದ ಸಾಲಿನಲ್ಲಿ, ಅಕ್ಕಪಕ್ಕದವರಿಗೆ ಕೇಳುವಂತೆ, ಚೆನ್ನಾಗಿದ್ದೀರಾ ಎಂದು ವಿಚಾರಿಸಿಕೊಳ್ಳುವುದೇ? ಈ ಜಗಳಗಂಟಿಯಿಲ್ಲದೆ ವರ್ಷ ಹೇಗೆ ಕಳೆಯುತ್ತದೆ ಎಂದು ಅವಳಿಗೆ ನಿಜಕ್ಕೂ ಅಳುವೇ ಬಂತು. ನಾದಿನಿ ಆಗಲೇ ಕಂಬದ ಕಡೆ ಕೈ ಚಾಚಿದ್ದಳು.

ಹೊಲಿಗೆಯವಳು ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟಳು. "ನಾನು ಮುಟ್ಟೋ ಹಾಗಿಲ್ಲ ಕಣೇ."

"ಯಾಕೆ?"

ಆರು ವರ್ಷದ ಮಾನವನ್ನು ಒಂದೇ ಗುಟುಕಿಗೆ ನುಂಗಿಕೊಂಡಳು. "ಅವತ್ತು ವ್ಯಾನ್ ಹತ್ತಿದ್ದೆ."

ನಾದಿನಿಯ ಕೈ ಗಾಳಿಯಲ್ಲೇ ನಿಂತಿತು. ಕುಣಿದಾಡಬೇಕಿದ್ದವಳು ಟಿಕೆಟ್ ನೋಡುವ ಕಣ್ಣಿನಿಂದ ಅತ್ತಿಗೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಎಲ್ಲಿಂದ ಎಲ್ಲಿವರೆಗೆ?"

"ಸುಮಾರು ದೂರ" ಎಂದಳು ಹೊಲಿಗೆಯವಳು, ಆಸೆಬುರುಕತನದಿಂದ. "ಹೆಚ್ಚುಕಮ್ಮಿ ಇಡೀ ಕಂತು."

ನಾದಿನಿ ಕೈಯನ್ನು ಜೇಬಿಗಿಳಿಸಿದಳು. "ಹಾಗಾದ್ರೆ ಅಷ್ಟನ್ನೂ ಮತ್ತೆ ನಡೀಬೇಕು. ನಾನೂ ಬರ್ತೀನಿ. ನಿಮ್ಮನ್ನ ಒಬ್ಬರನ್ನೇ ಬಿಟ್ರೆ ಇನ್ನೊಂದು ವ್ಯಾನ್ ಹತ್ತಿಬಿಡ್ತೀರ."

ಕಂಬವನ್ನು ಹಾಗೇ ಬಿಟ್ಟು ಇಬ್ಬರೂ ಇಳಿಯತೊಡಗಿದರು. ಸ್ವಲ್ಪ ದೂರ ಹೋದ ಮೇಲೆ ನಾದಿನಿ ಮುಂದೆ ನೋಡುತ್ತಲೇ ಹೇಳಿದಳು: "ಸೇತುವೆ ಮೇಲಿಂದ ನಾನು ಎಲ್ಲಾ ನೋಡಿದ್ದೆ ಅತ್ತಿಗೆ. ಆ ವ್ಯಾನಿನ ಸೀಟಿನ ಮೇಲೆ ನಾಯಿ ಕೂತಿತ್ತು. ನೀವು ಹುಚ್ಚುಹುಚ್ಚಾಗಿ ಓಡಿಬರ್ತಿದ್ರಿ."

ಹೊಲಿಗೆಯವಳು ಗಕ್ಕನೆ ನಿಂತಳು. "ಹಾಗಾದ್ರೆ ಇಷ್ಟು ವರ್ಷ...!"

"ಈಗ ಹೇಳಿ ಏನು ಪ್ರಯೋಜನ? ನೀವೇ ಒಪ್ಕೊಂಡಾಯ್ತಲ್ಲ" ಎಂದಳು ನಾದಿನಿ. "ನಡೀಲೇಬೇಕು."