ಹಸಿ ಹುಲ್ಲಿನ ಬಣವೆ

ಇದನ್ನು ಬರೆಯಲು ಕೂತಾಗಲೆಲ್ಲ ಕನ್ನಡಕ ಸರಿಯಿಲ್ಲ, ಮಸಿ ಸರಿಯಿಲ್ಲ ಎಂದು ಎದ್ದುಬಿಡುತ್ತಿದ್ದೆ. ಈಗ ನೆಪಗಳೂ ಮುಗಿದಿವೆ.

ಮದ್ರಾಸ್ ಸರ್ಕಾರದ ಕಾಲ. ನಾನು ಹೊಸಪೇಟೆಯಲ್ಲಿ ಹೈಸ್ಕೂಲು ಮುಗಿಸಿ ನಮ್ಮೂರು ಎಮ್ಮಿಗನೂರಿಗೆ ಬಂದಿದ್ದೆ. ಸೋದರತ್ತೆಯ ಮಗನಿಗೆ ನನ್ನ ಅಕ್ಕನನ್ನು ಕೊಡುವ ಮಾತಾಗಿತ್ತು. ಸಂಜೆ ಅವನು ಎತ್ತು ಹೊಡೆದುಕೊಂಡು ಹಿತ್ತಿಲ ಹಿಂದೆ ಹಾಯುವಾಗ ಅಕ್ಕ ಬೇಕೆಂದೇ ಪಾತ್ರೆ ತಿಕ್ಕಲು ಬರುತ್ತಿದ್ದಳು. ತಿಕ್ಕಿದ್ದನ್ನೇ ತಿಕ್ಕುತ್ತಿದ್ದಳು. "ಸಾಕು ಬಿಡಬೇ, ತೂತು ಬಿದ್ದೀತು" ಎಂದು ಅವನು ಕೂಗಿದರೆ ತಲೆ ಎತ್ತದೆ ನಗುತ್ತಿದ್ದಳು. ಆ ನಗುವನ್ನು ಮತ್ತೊಮ್ಮೆ ಕೇಳಬೇಕೆಂದು ಈ ವಯಸ್ಸಿನಲ್ಲೂ ಜೀವ ಎಳೆಯುತ್ತದೆ.

ಆ ಸುಗ್ಗಿಯಲ್ಲಿ ಹುಲ್ಲು ಒಟ್ಟಿಸುವ ಕೆಲಸವನ್ನು ಅಪ್ಪ ನನಗೆ ಬಿಟ್ಟಿದ್ದ. ಮಳೆಗೆ ನೆನೆದ ಹುಲ್ಲು ಆರುವ ಮೊದಲೇ ಎರಡು ಬಣವೆ ಒಟ್ಟಿಸಿಬಿಟ್ಟೆ. ಕೆಲವು ವಾರಗಳಲ್ಲಿ ಒಂದು ಹೊತ್ತಿಕೊಂಡಿತು. ಊರವರು ನೀರು ಹೊಯ್ದು ಅರ್ಧ ಉಳಿಸಿದರು. ಹಿಂದಿನ ದಿನವಷ್ಟೇ ಅತ್ತೆಯ ಮಗ ಕಬ್ಬಿನ ನೀರಿಗಾಗಿ ಅಪ್ಪನೊಡನೆ ಜಗಳವಾಡಿ, "ನಿಮ್ಮ ಬಣವಿಗೆ ಬೆಂಕಿ ಬೀಳ" ಎಂದಿದ್ದ. ನಮ್ಮ ಕಡೆ ದನಕ್ಕೂ ಬೈಯುವ ಬೈಗುಳ ಅದು. ಅಪ್ಪ ಕಂಪ್ಲಿ ಠಾಣೆಗೆ ಓಡಿದ. ನನ್ನ ತಪ್ಪು ಬಯಲಾದೀತೆಂದು ಹೆದರಿ, ಅವನು ಬೀಡಿ ಸೇದುತ್ತ ಬಣವೆ ಕಡೆ ಹೋದದ್ದನ್ನು ಕಂಡೆ ಎಂದು ನಾನು ಹೇಳಿಕೆ ಕೊಟ್ಟೆ. ಅವನನ್ನು ಠಾಣೆಯಲ್ಲಿ ಕೂರಿಸಿದರು.

"ನಾಕು ಬಿಗೀರಿ ಸಾಹೇಬ್ರ, ತಾನ ಒಪ್ಕೊಂತಾನ" ಎಂದ ಅಪ್ಪ.

"ನಮ್ಮ ಮುಂದ ಒಪ್ಕೊಂಡಿದ್ದು ಕೋರ್ಟಿನಾಗ ನಡೆಯಂಗಿಲ್ರಿ ಯಜಮಾನ್ರ" ಎಂದರು ಸಬ್ ಇನ್ಸ್‌ಪೆಕ್ಟರು. "ಮೊದಲು ಬೂದಿ ನೋಡೂಣು."

ಇಬ್ಬರು ಪಂಚರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಬಣವೆ ಬಿಡಿಸಿದರು. ಹೊರಮೈಯ ಹುಲ್ಲು ಅಲ್ಲಲ್ಲಿ ಹಳದಿಯಾಗಿಯೇ ಇತ್ತು. ನಡುವೆ ಬರೀ ಕರಿ. ಪಕ್ಕದ ಬಣವೆಯೊಳಗೆ ತೋಳು ತೂರಿಸಿ ಥಟ್ಟನೆ ಎಳೆದುಕೊಂಡರು.

"ಇದೂ ಒಳಗ ಕುದಿಯಾಕತ್ತೈತಿ. ಹಸಿ ಹುಲ್ಲು ಒಟ್ಟಿದ್ರ ತನ್ನ ಕಾವಿಗೆ ತಾನ ಹೊತ್ತಿಕೊಂತೈತಿ. ಒಟ್ಟಿದೋರು ಯಾರ್ರಿ?"

ಅಪ್ಪ ನನ್ನತ್ತ ತಿರುಗಿದ.

ಅದೇ ಸಂಜೆ ಅವನನ್ನು ಬಿಟ್ಟರು. ಎದುರು ಸಿಕ್ಕಾಗ, "ನಾ ಬೀಡಿ ಮುಟ್ಟಂಗಿಲ್ಲಂತ ನಿನಗ ಗೊತ್ತೈತಲ್ಲಲೇ" ಎಂದನಷ್ಟೆ. ಅತ್ತೆ ಮಾತ್ರ, "ನನ್ನ ಮಗನ್ನ ಠಾಣೆಕ್ಕ ಕಳಿಸಿದ ಮನಿ ಹೆಣ್ಣು ಬ್ಯಾಡ" ಎಂದುಬಿಟ್ಟಳು. ಅಕ್ಕನನ್ನು ಸಂಡೂರು ಕಡೆಯ ಬಂಡ್ರಿ ಎಂಬ ಊರಿಗೆ ಕೊಟ್ಟರು.

ಎಷ್ಟೋ ವರ್ಷಗಳ ಮೇಲೆ ಸಂಡೂರು ಸಂತೆಯಲ್ಲಿ ಅವನ ಕೈ ಹಿಡಿದು ತಪ್ಪಾಯಿತು ಎಂದೆ. "ಬಿಡಲೇ, ಚಾ ಕುಡಿ ಬಾ" ಎಂದ. ಚಾ ಮುಗಿದ ಮೇಲೆ ಬೇರೆ ಕಡೆ ನೋಡುತ್ತ ಕೇಳಿದ: "ಬಂಡ್ರ್ಯಾಗ ಹೆಂಗದಾಳ?"

ಬಂಡ್ರಿಗೆ ಹೋದಾಗ ಅವಳೂ ಬಡಿಸುತ್ತ, "ಅತ್ತಿ ಮನ್ಯಾಗ ಎಲ್ಲಾರೂ ಚೊಲೋ ಅದಾರೇನೋ?" ಎಂದು ಕೇಳುತ್ತಿದ್ದಳು. ಹೂಂ ಎಂದು ಉಂಡು ಏಳುತ್ತಿದ್ದೆ. ಅವಳು ತೀರಿಕೊಳ್ಳುವವರೆಗೂ ಅಷ್ಟೇ ಆಡಿದ್ದು. ನಾನು ಕ್ಷಮೆ ಕೇಳದೆ ಉಳಿದವಳು ನನ್ನ ಅಕ್ಕ.